ಹಾಂಗ್‌ಕಾಂಗ್ ಮನೆ ಮಾರುಕಟ್ಟೆ, 1983–2025: ಬಡ್ಡಿ ಬೇಗ ಬರುತ್ತದೆ, ಮನೆ ತಡವಾಗಿ ಬರುತ್ತದೆ

1997ರ ಅಕ್ಟೋಬರಿನಲ್ಲಿ ಹಾಂಗ್‌ಕಾಂಗ್‌ನ ಖಾಸಗಿ ಮನೆಗಳ ಬೆಲೆ ಸೂಚ್ಯಂಕ 172.9 ಇತ್ತು. 2003ರ ಜುಲೈಗೆ ಅದು 58.4. ಆರು ವರ್ಷ ತುಂಬುವುದರೊಳಗೆ ಬೆಲೆಯ ಮೂರರಲ್ಲಿ ಎರಡು ಪಾಲು ಹೋಗಿತ್ತು. ಅಲ್ಲಿಂದ ಹದಿನೆಂಟು ವರ್ಷ, ನಡುನಡುವೆ ಸಣ್ಣ ತಗ್ಗುಗಳನ್ನು ಬಿಟ್ಟರೆ, ಏರುತ್ತಲೇ ಹೋಗಿ 2021ರ ಸೆಪ್ಟೆಂಬರಿನಲ್ಲಿ 398.1 ಮುಟ್ಟಿತು. 2025ರ ಆರಂಭಕ್ಕೆ ಮತ್ತೆ ಸುಮಾರು ಶೇ. 28ರಷ್ಟು ಕೆಳಗಿಳಿದಿತ್ತು.

ಮನೆ ಮಾರುಕಟ್ಟೆಯ ದೀರ್ಘಾವಧಿ ಏರಿಳಿತವನ್ನು ಅರಿಯಲು ಈ ಊರಿನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬೇರೆ ಕಡೆ ಬಡ್ಡಿ, ಜಮೀನು, ಸಾಲದ ನಿಯಮ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸಿ ಹೇಳಲಾಗದು. ಹಾಂಗ್‌ಕಾಂಗ್‌ನಲ್ಲಿ ಬಡ್ಡಿ ಅಮೆರಿಕದಲ್ಲಿ ತೀರ್ಮಾನವಾಗುತ್ತದೆ, ಜಮೀನು ಸರ್ಕಾರವೊಂದರ ಕೈಯಲ್ಲೇ ಇದೆ, ಗೃಹಸಾಲದ ಮಿತಿಯನ್ನು ಅಲ್ಲಿನ ಹಣಕಾಸು ಪ್ರಾಧಿಕಾರ ಗೊತ್ತುಮಾಡುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ನೋಡಬಹುದು. ಹಾಗೆ ನೋಡಿದಾಗ ಕಾಣುವುದು ವೇಗದ ಅಂತರ. ಬಡ್ಡಿ ಕೆಲವೇ ತಿಂಗಳಲ್ಲಿ ಕಂತಿಗೆ ತಟ್ಟುತ್ತದೆ. ಜಮೀನಿನ ತೀರ್ಮಾನ ಮನೆಯಾಗಿ ಕೈಸೇರಲು ಐದು ವರ್ಷವೋ ಹೆಚ್ಚೋ ಬೇಕು. ಹೀಗಾಗಿ ದುಬಾರಿ ಕಾಲದಲ್ಲಿ ಹೊರಟ ಮನೆಗಳು ಅಗ್ಗದ ಕಾಲದಲ್ಲಿ ಬಂದಿಳಿಯುತ್ತವೆ, ಅಗ್ಗದ ಕಾಲದಲ್ಲಿ ನಿಲ್ಲಿಸಿದ ಮನೆಗಳ ಕೊರತೆ ದುಬಾರಿ ಕಾಲದಲ್ಲಿ ಕಾಣುತ್ತದೆ. ಜನರ ದುರಾಸೆ, ಭಯ ಎಂದು ಹೇಳುವುದೆಲ್ಲ ಈ ಅಂತರದ ಮೇಲೆ ಬೆಳೆಯುವಂಥವು.

ಅಂಕಿಗಳು ಏನನ್ನು ಅಳೆಯುತ್ತವೆ

ಇಲ್ಲಿ ಬಳಸಿರುವುದು ಹಾಂಗ್‌ಕಾಂಗ್‌ನ ರೇಟಿಂಗ್ ಮತ್ತು ಮೌಲ್ಯಮಾಪನ ಇಲಾಖೆಯ ಸೂಚ್ಯಂಕ. 1999ರ ಸರಾಸರಿಯನ್ನು 100 ಎಂದು ಹಿಡಿಯಲಾಗಿದೆ. ಬಾಡಿಗೆಗೂ ಅದೇ ಆಧಾರ ವರ್ಷದ ಇನ್ನೊಂದು ಸೂಚ್ಯಂಕ ಇದೆ.

ಮನೆ ಬೆಲೆಯ ಸರಾಸರಿ ತೆಗೆಯುವಾಗ ಆಗುವ ದೊಡ್ಡ ತಪ್ಪು, ಬೇರೆ ಬೇರೆ ಬಗೆಯ ಮನೆಗಳನ್ನು ಒಂದೇ ಬುಟ್ಟಿಗೆ ಹಾಕುವುದು. ಈ ತಿಂಗಳು ದೊಡ್ಡ ಫ್ಲಾಟುಗಳು ಹೆಚ್ಚು ಮಾರಾಟವಾದರೆ, ಯಾವ ಮನೆಯ ಬೆಲೆಯೂ ಏರದಿದ್ದರೂ ಸರಾಸರಿ ಏರುತ್ತದೆ. ಇಲಾಖೆ ಇದನ್ನು ಜಾಣತನದಿಂದ ದಾಟಿದೆ. ತೆರಿಗೆಗಾಗಿ ಪ್ರತಿ ಮನೆಗೂ ವರ್ಷಕ್ಕೊಮ್ಮೆ ಅಂದಾಜು ಬಾಡಿಗೆ ಮೌಲ್ಯ ನಿಗದಿಯಾಗಿರುತ್ತದೆ. ಮಾರಾಟದ ಬೆಲೆಯನ್ನು ಆ ಮೌಲ್ಯದಿಂದ ಭಾಗಿಸಿದರೆ ಮನೆಯ ಅಳತೆ, ಮಹಡಿ, ಸ್ಥಳ ಇವುಗಳ ವ್ಯತ್ಯಾಸ ಬಹುಮಟ್ಟಿಗೆ ಕಳೆದುಹೋಗುತ್ತದೆ. ಮನೆಗಳನ್ನು ಅಳತೆಯ ಪ್ರಕಾರ ಐದು ವರ್ಗ ಮಾಡಿದ್ದಾರೆ. ಮೊದಲನೆಯದು 40 ಚದರ ಮೀಟರಿಗಿಂತ ಕಡಿಮೆ, ಕೊನೆಯದು 160 ಮತ್ತು ಮೇಲ್ಪಟ್ಟದ್ದು.

ವಾರ್ಷಿಕ ಸರಾಸರಿಗಳಲ್ಲಿ ಕೆಲವು ಹೀಗಿವೆ:

1996: ಬೆಲೆ 116.9
1997: ಬೆಲೆ 163.1, ಬಾಡಿಗೆ 134.5
1998: ಬೆಲೆ 117.1, ಬಾಡಿಗೆ 112.6
2003: ಬೆಲೆ 61.6, ಬಾಡಿಗೆ 73.6
2010: ಬೆಲೆ 150.9
2013: ಬೆಲೆ 242.4
2021: ಬೆಲೆ 392.7, ಬಾಡಿಗೆ 179.8
2023: ಬೆಲೆ 337.4

ಬೆಲೆಯನ್ನು ಬಾಡಿಗೆಯಿಂದ ಭಾಗಿಸಿ ನೋಡಿ. 1997ರಲ್ಲಿ 1.21, 2003ರಲ್ಲಿ 0.84, 2021ರಲ್ಲಿ 2.18. 2003ರಿಂದ 2021ರವರೆಗೆ ಬಾಡಿಗೆ ಸುಮಾರು ಎರಡೂವರೆ ಪಟ್ಟಾದರೆ ಬೆಲೆ ಆರು ಪಟ್ಟಿಗೂ ಹೆಚ್ಚಾಯಿತು. ಬಾಡಿಗೆ ಎಂಬುದು ಇವತ್ತು ಆ ಊರಿನಲ್ಲಿ ವಾಸಿಸಲು ಜನ ಕೊಡುವ ದುಡ್ಡು. ಅದರಲ್ಲಿ ಸಾಲವೂ ಇಲ್ಲ, ನಾಳೆಯ ಆಸೆಯೂ ಇಲ್ಲ. ಬೆಲೆ ಅದರಿಂದ ಎಷ್ಟು ದೂರ ಸರಿದಿದೆಯೋ ಅಷ್ಟು ಪಾಲನ್ನು ಬಡ್ಡಿ ಮತ್ತು ನಿರೀಕ್ಷೆ ಹೊತ್ತಿವೆ ಎಂದರ್ಥ. ಒಂದು ಎಚ್ಚರಿಕೆ: ಈ ಅನುಪಾತ 1999ಕ್ಕೆ ಹೋಲಿಸಿದ್ದಷ್ಟೇ. ಬಾಡಿಗೆಯಿಂದ ಶೇಕಡಾ ಎಷ್ಟು ಆದಾಯ ಬರುತ್ತದೆ ಎಂಬುದಕ್ಕೆ ಬೇರೆ ಲೆಕ್ಕ ಬೇಕು.

ನೆಲ ಯಾರದು, ಬಡ್ಡಿ ಯಾರದು

ಸೇಂಟ್ ಜಾನ್ಸ್ ಕೆಥೆಡ್ರಲ್ ನಿಂತಿರುವ ತುಣುಕೊಂದನ್ನು ಬಿಟ್ಟರೆ ಹಾಂಗ್‌ಕಾಂಗ್‌ನ ಭೂಮಿಯೆಲ್ಲ ಸರ್ಕಾರದ ಗುತ್ತಿಗೆ ನೆಲ. ಬಿಲ್ಡರುಗಳು ಹರಾಜು ಅಥವಾ ಟೆಂಡರಿನಲ್ಲಿ ಗುತ್ತಿಗೆ ಹಕ್ಕು ಕೊಳ್ಳುತ್ತಾರೆ. ಸುಮಾರು 1,100 ಚದರ ಕಿ.ಮೀ. ವಿಸ್ತೀರ್ಣದಲ್ಲಿ ಕಟ್ಟಡಗಳಿರುವುದು ಕಾಲು ಭಾಗ, ಶೇ. 40ರಷ್ಟು ಸಂರಕ್ಷಿತ ಕಂಟ್ರಿ ಪಾರ್ಕ್. ಜನಸಂಖ್ಯೆಯ ಅರ್ಧಕ್ಕೆ ಹತ್ತಿರದಷ್ಟು ಮಂದಿ ಸರ್ಕಾರಿ ಬಾಡಿಗೆ ಅಥವಾ ರಿಯಾಯಿತಿ ಮನೆಗಳಲ್ಲಿದ್ದಾರೆ. ಈ ಸೂಚ್ಯಂಕದ ಕಥೆ ಉಳಿದರ್ಧದ್ದು.

ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಹಾಂಗ್‌ಕಾಂಗ್ 1997ರಲ್ಲಿ ಚೀನಾದ ಕೈಗೆ ಹೋಗುವುದೆಂದು 1984ರ ಡಿಸೆಂಬರಿನಲ್ಲಿ ಎರಡೂ ದೇಶಗಳು ಸಹಿ ಹಾಕಿದ ಜಂಟಿ ಘೋಷಣೆಯ ಮೂರನೇ ಅನುಬಂಧ ಹೊಸ ಜಮೀನು ಮಂಜೂರಾತಿಗೆ ವರ್ಷಕ್ಕೆ 50 ಹೆಕ್ಟೇರ್ ಮಿತಿ ಹಾಕಿತು. ಸರ್ಕಾರಿ ಬಾಡಿಗೆ ಮನೆಗಳ ಜಮೀನು ಇದರಿಂದ ಹೊರಗಿತ್ತು. ಮಿತಿಯನ್ನು ಹೆಚ್ಚಿಸುವ ಅಧಿಕಾರ ಎರಡೂ ಕಡೆಯ ಭೂ ಆಯೋಗಕ್ಕಿತ್ತು, ಆಯೋಗ ಅದನ್ನು ಬಳಸಿತು ಕೂಡ. ಆದ್ದರಿಂದ 1997ರ ಗುಳ್ಳೆಗೆ 50 ಹೆಕ್ಟೇರ್ ಒಂದೇ ಕಾರಣ ಎಂಬ ಮಾತು ಪೂರ್ತಿ ನಿಲ್ಲುವುದಿಲ್ಲ. ಅದು ಪೂರೈಕೆಯನ್ನು ಬಿಗಿಯಾಗಿಟ್ಟಿತು, ಬೆಂಕಿಗೆ ತುಪ್ಪ ಬೇರೆ ಕಡೆಯಿಂದ ಬಂತು.

ಆ ತುಪ್ಪ ಬಡ್ಡಿ. ಹಸ್ತಾಂತರದ ಮಾತುಕತೆಯ ಆತಂಕದಲ್ಲಿ 1983ರ ಸೆಪ್ಟೆಂಬರ್ 24ರಂದು ಹಾಂಗ್‌ಕಾಂಗ್ ಡಾಲರ್ ಅಮೆರಿಕನ್ ಡಾಲರಿಗೆ 9.60ಕ್ಕೆ ಕುಸಿಯಿತು. ಅಕ್ಟೋಬರ್ 17ರಿಂದ 7.80ಕ್ಕೆ ಗಂಟು ಹಾಕಲಾಯಿತು. ಕರೆನ್ಸಿ ನಿಂತಿತು, ಆದರೆ ಬಡ್ಡಿಯ ಹಗ್ಗ ಕೈಬಿಟ್ಟಿತು. ಕರೆನ್ಸಿಯನ್ನು ಇನ್ನೊಂದಕ್ಕೆ ಕಟ್ಟಿ, ಹಣದ ಓಡಾಟವನ್ನೂ ಮುಕ್ತವಾಗಿಟ್ಟ ಮೇಲೆ ಬಡ್ಡಿ ಅಮೆರಿಕದ ಹಿಂದೆಯೇ ಹೋಗಬೇಕು. ಊರಿನ ಆರ್ಥಿಕ ಸ್ಥಿತಿ ಅದಕ್ಕೆ ಒಗ್ಗುತ್ತದೆಯೋ ಇಲ್ಲವೋ, ಬೇರೆ ದಾರಿಯಿಲ್ಲ.

1991–97: ನೈಜ ಬಡ್ಡಿ ಸೊನ್ನೆಗಿಂತ ಕೆಳಗೆ

1992ರ ಸೆಪ್ಟೆಂಬರಿನಿಂದ 1994ರ ಫೆಬ್ರುವರಿಯವರೆಗೆ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ತನ್ನ ದರವನ್ನು ಶೇ. 3ರಲ್ಲಿ ಇಟ್ಟಿತ್ತು. ಅಲ್ಲಿ ಹಿಂಜರಿತದಿಂದ ಚೇತರಿಕೆ ನಡೆದಿತ್ತು. ಹಾಂಗ್‌ಕಾಂಗ್‌ನಲ್ಲಿ ಆಗ ನೆರೆಯ ಚೀನಾದ ಬೆಳವಣಿಗೆಯಿಂದ ವ್ಯಾಪಾರ ಕುದಿಯುತ್ತಿತ್ತು, ಹಣದುಬ್ಬರ ಶೇ. 9ರ ಆಸುಪಾಸಿನಲ್ಲಿತ್ತು. 1993ರಲ್ಲಿ ಅಲ್ಲಿನ ಬ್ಯಾಂಕುಗಳ ಪ್ರಧಾನ ಸಾಲ ದರ, ಅಂದರೆ ಬೇರೆ ಸಾಲಗಳ ಬಡ್ಡಿಗೆ ಆಧಾರವಾಗುವ ದರ, ಶೇ. 6.5. ಶೇ. 6.5ಕ್ಕೆ ಸಾಲ ತೆಗೆದು, ವರ್ಷಕ್ಕೆ ಶೇ. 9ರಂತೆ ಬೆಲೆ ಏರುವ ಊರಿನಲ್ಲಿ ಆಸ್ತಿ ಕೊಂಡರೆ ಸಾಲವೇ ಲಾಭ; ಬಡ್ಡಿಯಿಂದ ಹಣದುಬ್ಬರ ಕಳೆದು ಸಿಗುವ ನೈಜ ಬಡ್ಡಿ ಸೊನ್ನೆಗಿಂತ ಕೆಳಗಿತ್ತು. ಕೊಳ್ಳದವರು ಮೂರ್ಖರೆನಿಸುವ ಸ್ಥಿತಿ ಅದು.

ಬ್ಯಾಂಕುಗಳು 1991ರ ನವೆಂಬರಿನಲ್ಲಿ ತಾವಾಗಿಯೇ ಸಾಲದ ಮಿತಿಯನ್ನು ಮನೆ ಬೆಲೆಯ ಶೇ. 90ರಿಂದ ಶೇ. 70ಕ್ಕೆ ಇಳಿಸಿದವು. ಇಡೀ ಪ್ರಕರಣದಲ್ಲಿ ಸರಿಯಾದ ಹೊತ್ತಿಗೆ ಆದ ತೀರ್ಮಾನವೆಂದು ಹೆಸರಿಸಬಹುದಾದದ್ದು ಇದೊಂದೇ. 1994ರಲ್ಲಿ ಸರ್ಕಾರ ಕಟ್ಟುತ್ತಿರುವ ಫ್ಲಾಟುಗಳ ಮರುಮಾರಾಟವನ್ನು ತಡೆದು, ಆರಂಭಿಕ ಠೇವಣಿಯನ್ನು ಶೇ. 5ರಿಂದ ಶೇ. 10ಕ್ಕೆ ಏರಿಸಿತು. ಅದೇ ಹೊತ್ತಿಗೆ ಫೆಡರಲ್ ರಿಸರ್ವ್ ಒಂದೇ ವರ್ಷದಲ್ಲಿ ಬಡ್ಡಿಯನ್ನು ಶೇ. 3ರಿಂದ ಶೇ. 6ಕ್ಕೆ ಒಯ್ದಿತು. ಬೆಲೆ ಇಳಿಯಿತು. ಸರ್ಕಾರಿ ಕ್ರಮವೇ ಇಳಿಸಿತು ಎಂದು ಆಗ ಬಹಳ ಜನ ನಂಬಿದರು. 1996ರಲ್ಲಿ ಬಡ್ಡಿ ತುಸು ಸಡಿಲವಾದಾಗ ಅದೇ ಕ್ರಮಗಳು ಜಾರಿಯಲ್ಲಿದ್ದರೂ ಬೆಲೆ ಮತ್ತೆ ಹಾರಿತು. 1996ರಿಂದ 1997ಕ್ಕೆ ವಾರ್ಷಿಕ ಸರಾಸರಿ ಶೇ. 39ಕ್ಕೂ ಹೆಚ್ಚು ಏರಿತು. 1997ರಲ್ಲಿ ನೋಂದಣಿಯಾದ ಮನೆ ಮಾರಾಟ ಕರಾರುಗಳು ಸುಮಾರು 1.72 ಲಕ್ಷ.

ಕುಸಿತ: ಮೂರು ಏಟು ಒಟ್ಟಿಗೆ

1997ರ ಅಕ್ಟೋಬರ್ 8ರಂದು ಹೊಸ ಆಡಳಿತದ ಮುಖ್ಯಸ್ಥ ತುಂಗ್ ಚೀ-ಹ್ವಾ ವರ್ಷಕ್ಕೆ 85,000 ಮನೆ, ಹತ್ತು ವರ್ಷದಲ್ಲಿ ಶೇ. 70 ಕುಟುಂಬಗಳಿಗೆ ಸ್ವಂತ ಮನೆ ಎಂಬ ಗುರಿ ಘೋಷಿಸಿದರು. ಹದಿನೈದು ದಿನದಲ್ಲಿ, ಅಕ್ಟೋಬರ್ 23ರಂದು, ಏಷ್ಯಾದ ಕರೆನ್ಸಿ ಬಿಕ್ಕಟ್ಟಿನ ಅಲೆ ಹಾಂಗ್‌ಕಾಂಗ್ ಡಾಲರಿಗೆ ಬಡಿದು ಬ್ಯಾಂಕುಗಳ ನಡುವಿನ ಒಂದು ರಾತ್ರಿಯ ಬಡ್ಡಿ ಶೇ. 280 ಮುಟ್ಟಿತು. 7.80ರ ಗಂಟನ್ನು ಉಳಿಸಲು ಕೊಟ್ಟ ಬೆಲೆ ಅದು. ಮರುವರ್ಷ ಪ್ರಧಾನ ಸಾಲ ದರ ಶೇ. 10 ದಾಟಿತು.

ಮೂರನೆಯದು ಹಣಕುಸಿತ. ನೆರೆಹೊರೆಯ ದೇಶಗಳು ತಮ್ಮ ಕರೆನ್ಸಿಯನ್ನು ಇಳಿಸಿಕೊಂಡವು. ಹಾಂಗ್‌ಕಾಂಗ್ ಇಳಿಸಲಿಲ್ಲ, ಆದ್ದರಿಂದ ಸಂಬಳ, ಬಾಡಿಗೆ, ಸರಕಿನ ಬೆಲೆಗಳೇ ಇಳಿಯಬೇಕಾಯಿತು. 1998ರ ನವೆಂಬರಿನಿಂದ 2004ರ ಜೂನ್‌ವರೆಗೆ 68 ತಿಂಗಳು ಗ್ರಾಹಕ ಬೆಲೆಗಳು ಇಳಿಯುತ್ತಲೇ ಇದ್ದವು. 1999ರಲ್ಲಿ ಇಳಿಕೆ ಶೇ. 4, ಪ್ರಧಾನ ಸಾಲ ದರ ಶೇ. 8ಕ್ಕೂ ಮೇಲೆ. ಅಂದರೆ ನೈಜ ಬಡ್ಡಿ ಶೇ. 12ರ ಸುಮಾರು. ಆರು ವರ್ಷದ ಹಿಂದೆ ಇದೇ ಲೆಕ್ಕ ಸೊನ್ನೆಗಿಂತ ಸುಮಾರು ಎರಡು ಶೇಕಡಾ ಅಂಶ ಕೆಳಗಿತ್ತು. ಕಾಗದದ ಮೇಲಿನ ಬಡ್ಡಿಯನ್ನಷ್ಟೇ ನೋಡಿದವರಿಗೆ ಈ ಹದಿನಾಲ್ಕು ಅಂಶಗಳ ತಿರುವು ಕಾಣುವುದೇ ಇಲ್ಲ. 2001ರಲ್ಲಿ ಅಮೆರಿಕ ಬಡ್ಡಿಯನ್ನು ಶೇ. 6.5ರಿಂದ ಶೇ. 1.75ಕ್ಕೆ ಇಳಿಸಿದಾಗಲೂ ಹಾಂಗ್‌ಕಾಂಗ್ ಬೆಲೆ ಏರದೆ ಹೋದದ್ದು ಇದರಿಂದಲೇ. ಮುಂದಿನ ವರ್ಷ ಮನೆ ಇನ್ನೂ ಅಗ್ಗವಾಗುತ್ತದೆ ಎಂದು ಗೊತ್ತಿದ್ದರೆ ಶೇ. 3ರ ಸಾಲವೂ ದುಬಾರಿ.

ಇಷ್ಟರ ನಡುವೆ ಮನೆಗಳು ಬಂದಿಳಿದವು. 1999ರಲ್ಲಿ ಪೂರ್ಣಗೊಂಡ ಖಾಸಗಿ ಮನೆಗಳು 35,000ಕ್ಕೂ ಹೆಚ್ಚು. ಅವುಗಳ ಜಮೀನು ಮಾರಾಟವಾದದ್ದು, ತಳಪಾಯ ಬಿದ್ದದ್ದು 1990ರ ದಶಕದ ನಡುವಿನ ಏರುಗಾಲದಲ್ಲಿ. 85,000ದ ಗುರಿಯೇ ಬೆಲೆ ಬೀಳಿಸಿತು ಎಂಬ ಮಾತು ಇಂದಿಗೂ ಕೇಳುತ್ತದೆ. ಕಾಲದ ಲೆಕ್ಕ ಹಾಕಿದರೆ ಅದು ಹೊಂದುವುದಿಲ್ಲ. 1997ರ ಅಕ್ಟೋಬರಿನಲ್ಲಿ ಘೋಷಿಸಿದ ಮನೆ 1998ರಲ್ಲಿ ಬರಲು ಸಾಧ್ಯವೇ ಇಲ್ಲ. ಘೋಷಣೆ ನಿರೀಕ್ಷೆಯನ್ನು ಕದಡಿರಬಹುದು, ಮಾರುಕಟ್ಟೆಗೆ ಬಂದ ಮನೆಗಳು ಮಾತ್ರ ಹಿಂದಿನ ಆಡಳಿತದ ಕಾಲದವು. 1998ರ ಜೂನ್‌ನಲ್ಲಿ ಸರ್ಕಾರ ಒಂಬತ್ತು ತಿಂಗಳು ಜಮೀನು ಮಾರಾಟ ನಿಲ್ಲಿಸಿತು. ಆ ಗುರಿ 1998ರಿಂದಲೇ ಇಲ್ಲವೆಂದು ತುಂಗ್ ಹೇಳಿದ್ದು 2000ದ ಜೂನ್‌ನಲ್ಲಿ.

ಬ್ಯಾಂಕುಗಳು ಮುಳುಗಲಿಲ್ಲ, ಯಾಕೆ

ಒಂದು ಮನೆಯ ಲೆಕ್ಕ ನೋಡೋಣ. 1997ರ ಅಕ್ಟೋಬರಿನಲ್ಲಿ 40 ಲಕ್ಷ ಹಾಂಗ್‌ಕಾಂಗ್ ಡಾಲರಿಗೆ ಕೊಂಡ ಫ್ಲಾಟ್. ಕೈಯಿಂದ 12 ಲಕ್ಷ, ಸಾಲ 28 ಲಕ್ಷ, ಅವಧಿ 20 ವರ್ಷ, ಬಡ್ಡಿ ಶೇ. 10. ತಿಂಗಳ ಕಂತು ಸುಮಾರು 27,000. ಬಡ್ಡಿ ಬದಲಾಗಲೇ ಇಲ್ಲ ಎಂದುಕೊಂಡರೆ 2003ರ ಜುಲೈಗೆ, 69 ಕಂತು ಕಟ್ಟಿದ ಮೇಲೆ, ಬಾಕಿ 24.6 ಲಕ್ಷ. ಸೂಚ್ಯಂಕದ ಪ್ರಕಾರ ಮನೆಯ ಬೆಲೆ 13.5 ಲಕ್ಷ. ಮನೆ ಮಾರಿದರೂ 11 ಲಕ್ಷ ಸಾಲ ಉಳಿಯುತ್ತದೆ. ಮೊದಲು ಹಾಕಿದ 12 ಲಕ್ಷ ಹೋಯಿತೆಂದೇ ಲೆಕ್ಕ. ನಡುವೆ ಬಡ್ಡಿ ಇಳಿದದ್ದರಿಂದ ನಿಜವಾದ ಬಾಕಿ ಇದಕ್ಕಿಂತ ತುಸು ಕಡಿಮೆ ಇರುತ್ತಿತ್ತು, ಚಿತ್ರ ಮಾತ್ರ ಇದೇ. ಆರಂಭದ ವರ್ಷಗಳಲ್ಲಿ ಕಂತಿನ ಹೆಚ್ಚು ಪಾಲು ಬಡ್ಡಿಗೇ ಹೋಗುವುದರಿಂದ ಐದಾರು ವರ್ಷ ಕಟ್ಟಿದರೂ ಅಸಲು ಕರಗಿರುವುದಿಲ್ಲ. ಶಿಖರದಲ್ಲಿ ಕೊಂಡವರಿಗೆ ಇದು ಎರಡನೇ ಪೆಟ್ಟು.

ಹೀಗೆ ಮನೆಗಿಂತ ಸಾಲ ದೊಡ್ಡದಾದ ಪ್ರಕರಣಗಳು 2003ರ ಜೂನ್ ಕೊನೆಗೆ 1,05,697 ಇದ್ದವು. ಗೃಹಸಾಲಗಳಲ್ಲಿ ಐದಕ್ಕೊಂದು. ನಿರುದ್ಯೋಗ ಶೇ. 8 ದಾಟಿತ್ತು, ಸಾರ್ಸ್ ಸೋಂಕು 299 ಜನರನ್ನು ಕೊಂದಿತ್ತು. ಆದರೂ ಮೂರು ತಿಂಗಳಿಗಿಂತ ಹೆಚ್ಚು ಕಂತು ಬಾಕಿಯಿದ್ದ ಗೃಹಸಾಲದ ಪ್ರಮಾಣ ತನ್ನ ಅತಿ ಎತ್ತರದಲ್ಲಿ, 2001ರ ಏಪ್ರಿಲ್‌ನಲ್ಲಿ, ಶೇ. 1.43ನ್ನು ಮೀರಲಿಲ್ಲ.

ಇದಕ್ಕೆ ಮೂರು ಕಾರಣ ಸ್ಪಷ್ಟ. ಶೇ. 70ರ ಮಿತಿಯಿಂದಾಗಿ ಮೊದಲ ಶೇ. 30 ಇಳಿಕೆಯನ್ನು ಕೊಂಡವರ ದುಡ್ಡೇ ನುಂಗಿತು. ಹಾಂಗ್‌ಕಾಂಗ್‌ನಲ್ಲಿ ಮನೆಯ ಕೀಲಿ ಬ್ಯಾಂಕಿಗೆ ಕೊಟ್ಟು ಕೈತೊಳೆದುಕೊಳ್ಳಲಾಗದು, ಉಳಿದ ಸಾಲಕ್ಕೆ ಸಾಲಗಾರ ತನ್ನ ಇತರ ಆಸ್ತಿ, ಸಂಬಳಗಳಿಂದಲೂ ಹೊಣೆ. ಮೂರನೆಯದಾಗಿ, 2001ರ ಅಕ್ಟೋಬರಿನಲ್ಲಿ ಹಣಕಾಸು ಪ್ರಾಧಿಕಾರ ಇಂಥ ಸಾಲಗಳನ್ನು ಮನೆಯ ಈಗಿನ ಬೆಲೆಯ ಶೇ. 100ರವರೆಗೆ ಕಡಿಮೆ ಬಡ್ಡಿಯಲ್ಲಿ ಬದಲಾಯಿಸಿಕೊಳ್ಳಲು ಬಿಟ್ಟಿತು. ನೋವು ಬೇರೆ ಕಡೆ ಹೊರಬಂತು. ಕ್ರೆಡಿಟ್ ಕಾರ್ಡ್ ಸಾಲ ಬಿಟ್ಟವರು ಹೆಚ್ಚಾದರು, 2002ರಲ್ಲಿ ದಿವಾಳಿ ಅರ್ಜಿಗಳು 25,000 ಮೀರಿದವು. ತಲೆ ಮೇಲಿನ ಸೂರಿನ ಕಂತನ್ನು ಜನ ಕೊನೆಯವರೆಗೂ ಕಟ್ಟಿದರು. ಬ್ಯಾಂಕು ಉಳಿಯಿತು ಎಂಬುದನ್ನು ಕುಟುಂಬ ಉಳಿಯಿತು ಎಂದು ಓದಬಾರದು. ಆ ಕಂತಿಗಾಗಿ ಬಿಟ್ಟುಕೊಟ್ಟ ವರ್ಷಗಳು ಯಾವ ಸೂಚ್ಯಂಕದಲ್ಲೂ ಬರುವುದಿಲ್ಲ.

ತಳದಲ್ಲಿ ನಿಲ್ಲಿಸಿದ ಮನೆಗಳು

2002ರ ನವೆಂಬರ್ 13ರಂದು ವಸತಿ ಕಾರ್ಯದರ್ಶಿ ಮೈಕೆಲ್ ಸುಯೆನ್ ಒಂಬತ್ತು ಕ್ರಮ ಪ್ರಕಟಿಸಿದರು. ಜಮೀನಿನ ನಿಗದಿತ ಹರಾಜು ರದ್ದು. ಬಿಲ್ಡರ್ ತಾನಾಗಿ ಬೆಲೆ ಹೇಳಿ ಕೇಳಿದರೆ ಮಾತ್ರ ಹರಾಜಿಗಿಡುವ ಅರ್ಜಿ ಪಟ್ಟಿಯ ವ್ಯವಸ್ಥೆಗೂ 2003ರ ಕೊನೆಯವರೆಗೆ ತಡೆ. ರಿಯಾಯಿತಿ ಬೆಲೆಯ ಸರ್ಕಾರಿ ಮನೆ ಯೋಜನೆ ಬಂದ್. ಬೆಲೆ ಹಿಡಿದು ನಿಲ್ಲಿಸುವುದೇ ಗುರಿ. 2003ರ ಬೇಸಿಗೆಯಲ್ಲಿ ಸಾರ್ಸ್ ಮುಗಿದು, ಚೀನಾದ ಪ್ರವಾಸಿಗಳಿಗೆ ವೈಯಕ್ತಿಕ ಭೇಟಿಯ ಬಾಗಿಲು ತೆರೆದು, ಬಡ್ಡಿಯೂ ಕಡಿಮೆಯಿದ್ದುದರಿಂದ ಬೆಲೆ ತಿರುಗಿತು.

ಆದರೆ ಬ್ರೇಕು ಹಾಗೆಯೇ ಉಳಿಯಿತು. ನಿಯಮಿತ ಜಮೀನು ಮಾರಾಟದ ಬದಲು ಅರ್ಜಿ ಪಟ್ಟಿಯೇ ವರ್ಷಗಟ್ಟಲೆ ಮುಖ್ಯ ದಾರಿಯಾಯಿತು, ಅದನ್ನು ಪೂರ್ತಿ ಕೈಬಿಟ್ಟದ್ದು 2013ರಲ್ಲಿ. ರಿಯಾಯಿತಿ ಮನೆಗಳ ಹೊಸ ಯೋಜನೆ ಮತ್ತೆ ಮಾರಾಟಕ್ಕೆ ಬಂದದ್ದು 2014ರಲ್ಲಿ. ಪೂರ್ಣಗೊಂಡ ಖಾಸಗಿ ಮನೆಗಳ ಸಂಖ್ಯೆ 2004ರಲ್ಲಿ 26,000 ಇದ್ದದ್ದು 2007ಕ್ಕೆ ಸುಮಾರು 10,500, 2009ಕ್ಕೆ 7,157. ಜಾಗತಿಕ ಬಿಕ್ಕಟ್ಟಿನ ಬಳಿಕ ಅಮೆರಿಕ ಬಡ್ಡಿಯನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿದ್ದು 2008ರ ಡಿಸೆಂಬರಿನಲ್ಲಿ. ಇತಿಹಾಸದ ಅತಿ ಅಗ್ಗದ ಸಾಲ ಮತ್ತು ದಶಕಗಳ ಅತಿ ಕಡಿಮೆ ಹೊಸ ಮನೆ ಒಂದೇ ವರ್ಷದಲ್ಲಿ ಎದುರಾದವು. 2009ರಿಂದ ಮುಂದಿನ ಏರಿಕೆಯ ಹೆಚ್ಚಿನ ಪಾಲಿಗೆ ಕಾರಣ ಇದೇ.

ತೆರಿಗೆ ಹಾಕಿದರೆ ಏನಾಗುತ್ತದೆ

2010ರ ನವೆಂಬರಿನಲ್ಲಿ ವಿಶೇಷ ಮುದ್ರಾಂಕ ಶುಲ್ಕ ಬಂತು. ಕೊಂಡ ಆರು ತಿಂಗಳೊಳಗೆ ಮಾರಿದರೆ ಶೇ. 15, ವರ್ಷದೊಳಗೆ ಶೇ. 10, ಎರಡು ವರ್ಷದೊಳಗೆ ಶೇ. 5. 2012ರ ಅಕ್ಟೋಬರಿನಲ್ಲಿ ಇದು ಶೇ. 20, 15, 10 ಆಗಿ ಅವಧಿ ಮೂರು ವರ್ಷಕ್ಕೆ ಹಿಗ್ಗಿತು. ಜೊತೆಗೆ ಕಂಪನಿಗಳಿಗೆ ಮತ್ತು ಕಾಯಂ ನಿವಾಸಿಗಳಲ್ಲದವರಿಗೆ ಶೇ. 15 ಹೆಚ್ಚುವರಿ. 2013ರ ಫೆಬ್ರುವರಿಯಲ್ಲಿ ಮಾಮೂಲಿ ಶುಲ್ಕವೂ ದುಪ್ಪಟ್ಟಾಯಿತು.

ಮಾರಾಟ ಕರಾರುಗಳು 2010ರಲ್ಲಿ ಸುಮಾರು 1.36 ಲಕ್ಷ ಇದ್ದವು, 2013ಕ್ಕೆ 51,000ದಷ್ಟಕ್ಕೆ ಬಂದವು. ಅದೇ ಅವಧಿಯಲ್ಲಿ ಬೆಲೆ ಸೂಚ್ಯಂಕ 150.9ರಿಂದ 242.4ಕ್ಕೆ ಏರಿತು. ವಹಿವಾಟು ಮೂರನೇ ಒಂದರ ಸಮೀಪಕ್ಕೆ ಇಳಿಯಿತು, ಬೆಲೆ ಶೇ. 60 ಏರಿತು. ಮಾರುವಾಗಲೇ ತೆರಿಗೆ ಬಿದ್ದರೆ ಮಾಲೀಕ ಮಾರುವುದೇ ಇಲ್ಲ. ಮನೆ ಬದಲಾಯಿಸಬೇಕಾದ ಕುಟುಂಬವೂ ಹಳೆಯ ಮನೆಯಲ್ಲೇ ಉಳಿಯುತ್ತದೆ. ಕೈಬದಲಾಗುವ ಹಳೆಯ ಮನೆಗಳು ಮಾರುಕಟ್ಟೆಯಿಂದ ಮಾಯವಾದಾಗ ಕೊಳ್ಳುವವರೆಲ್ಲ ಬಿಲ್ಡರ್‌ನ ಹೊಸ ಮನೆಯ ಕಡೆ ತಿರುಗುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಕೊಂಡು ಮಾರುವ ದಂಧೆಗೆ ಈ ತೆರಿಗೆ ಕಡಿವಾಣ ಹಾಕಿತು ಎಂಬುದು ನಿಜ. ಬೆಲೆಗೆ ಹಾಕಲಿಲ್ಲ.

ಕೆಲಸ ಮಾಡಿದ್ದು ಸಾಲದ ಮೇಲಿನ ಬಿಗಿ. 2010ರಿಂದ ಹಣಕಾಸು ಪ್ರಾಧಿಕಾರ ಕಂತು ಆದಾಯದ ಶೇ. 50 ದಾಟಬಾರದು, ಬಡ್ಡಿ ಎರಡು ಅಂಶ ಏರಿದರೂ ಶೇ. 60ರೊಳಗೆ ಇರಬೇಕು ಎಂದು ಕಟ್ಟಳೆ ಹಾಕಿತು. 2013ರಲ್ಲಿ ಪರೀಕ್ಷೆ ಮೂರು ಅಂಶಕ್ಕೆ ಏರಿತು. ಇದೂ ಬೆಲೆ ಇಳಿಸಲಿಲ್ಲ. ಇಳಿದ ದಿನ ಸಾಲಗಾರ ಬಿಡದೆ ಕಂತು ಕಟ್ಟುವಂತೆ ನೋಡಿಕೊಂಡಿತು. ಬೇರೆ ಪರಿಣಾಮವೂ ಇತ್ತು. ಒಟ್ಟು ಬೆಲೆ ಕೈಗೆಟುಕಲೆಂದು ಬಿಲ್ಡರುಗಳು ಮನೆಯನ್ನೇ ಕುಗ್ಗಿಸಿ 200 ಚದರ ಅಡಿಗಿಂತ ಚಿಕ್ಕ ಫ್ಲಾಟುಗಳನ್ನು ಕಟ್ಟತೊಡಗಿದರು. ಕೊನೆಗೆ 2022ರಲ್ಲಿ ಸರ್ಕಾರ ತಾನು ಮಾರುವ ಜಮೀನಿನಲ್ಲಿ ಕನಿಷ್ಠ 26 ಚದರ ಮೀಟರ್ ಇರಲೇಬೇಕೆಂದು ಷರತ್ತು ಹಾಕಿತು.

2022–25: ಕಂತಿನ ಗಣಿತ

2021ರಲ್ಲಿ ಬ್ಯಾಂಕುಗಳ ನಡುವಿನ ದರಕ್ಕೆ ಕಟ್ಟಿದ ಗೃಹಸಾಲದ ಬಡ್ಡಿ ಶೇ. 1.5ರ ಸುಮಾರು. 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ಅಮೆರಿಕ 5.25 ಅಂಶ ಏರಿಸಿತು. ಹಾಂಗ್‌ಕಾಂಗ್ ಗೃಹಸಾಲಕ್ಕೆ ಪ್ರಧಾನ ದರದ ಮೇಲ್ಮಿತಿ ಇರುವುದರಿಂದ ಹೊಸ ಸಾಲದ ಬಡ್ಡಿ ಶೇ. 4.125ರ ಬಳಿ ನಿಂತಿತು. ಮೂವತ್ತು ವರ್ಷದ ಸಾಲಕ್ಕೆ, ಪ್ರತಿ ಒಂದು ಲಕ್ಷಕ್ಕೆ, ತಿಂಗಳ ಕಂತು 345 ಹಾಂಗ್‌ಕಾಂಗ್ ಡಾಲರಿನಿಂದ 485ಕ್ಕೆ ಏರಿದಂತೆ. ಶೇ. 40 ಹೆಚ್ಚಳ. ಇದನ್ನೇ ತಿರುಗಿಸಿ ನೋಡಿದರೆ, ಹಳೆಯ ಕಂತನ್ನೇ ಕಟ್ಟಬಲ್ಲ ಕುಟುಂಬಕ್ಕೆ ಈಗ ಸಿಗುವ ಸಾಲ ಶೇ. 29 ಕಡಿಮೆ. ಬೆಲೆ ಇಳಿದದ್ದು ಸುಮಾರು ಶೇ. 28. ಎರಡು ಅಂಕಿ ಇಷ್ಟು ಹತ್ತಿರ ಬಂದದ್ದರಲ್ಲಿ ಆಕಸ್ಮಿಕವೂ ಇದೆ. ವಲಸೆ ಹೋದವರು, ಚೀನಾದ ಆಸ್ತಿ ಬಿಕ್ಕಟ್ಟು, ಷೇರುಪೇಟೆ ಎಲ್ಲವೂ ಸೇರಿದ್ದವು. ಆದರೆ ಮೊದಲ ಅಂದಾಜು ಹಾಕಲು ಈ ಗಣಿತ ಸಾಕು, ಅದಕ್ಕೆ ಕ್ಯಾಲ್ಕುಲೇಟರ್ ಬಿಟ್ಟು ಬೇರೇನೂ ಬೇಡ.

ಪೂರೈಕೆ ಮತ್ತೆ ತಪ್ಪು ಹೊತ್ತಿಗೆ ಬಂತು. 2014ರ ದೀರ್ಘಾವಧಿ ವಸತಿ ಕಾರ್ಯನೀತಿ ಹತ್ತು ವರ್ಷಕ್ಕೆ 4.8 ಲಕ್ಷ ಮನೆಯ ಗುರಿ ಇಟ್ಟಿತ್ತು. ಆ ದಶಕದಲ್ಲಿ ಮಾರಿದ ಜಮೀನಿನ ಫಲವಾಗಿ 2024ರಲ್ಲಿ ಸುಮಾರು 24,000 ಖಾಸಗಿ ಮನೆಗಳು ಪೂರ್ಣಗೊಂಡವು, ಕೊಳ್ಳುವವರು ವಿರಳವಾಗಿದ್ದಾಗ. 2023ರಲ್ಲಿ ಮನೆ ಮಾರಾಟ ಕರಾರುಗಳು 43,000ಕ್ಕೆ ಇಳಿದಿದ್ದವು. 2024ರ ಫೆಬ್ರುವರಿ 28ರಂದು ಹೆಚ್ಚುವರಿ ಶುಲ್ಕಗಳನ್ನೆಲ್ಲ ತೆಗೆದರು, ಬಡ್ಡಿ ಪರೀಕ್ಷೆಯನ್ನೂ ಅಮಾನತಿನಲ್ಲಿಟ್ಟರು. ಕೆಲವು ವಾರ ವಹಿವಾಟು ಚುರುಕಾಗಿ ಮತ್ತೆ ತಣ್ಣಗಾಯಿತು.

ಮನೆಗಿಂತ ಸಾಲ ಹೆಚ್ಚಾದ ಪ್ರಕರಣಗಳು 2025ರ ಮಾರ್ಚ್‌ಗೆ 40,000 ದಾಟಿದವು. ಅವುಗಳಲ್ಲಿ ಹೆಚ್ಚಿನವು ಬ್ಯಾಂಕ್ ನೌಕರರ ಸಾಲ ಮತ್ತು ಗೃಹಸಾಲ ವಿಮೆಯ ಆಸರೆಯಲ್ಲಿ ಮನೆ ಬೆಲೆಯ ಶೇ. 70 ಮೀರಿ ಕೊಟ್ಟವು. 2019ರ ಅಕ್ಟೋಬರಿನಲ್ಲಿ, ಬೆಲೆ ಶಿಖರದ ಬಳಿಯಿದ್ದಾಗ, 80 ಲಕ್ಷ ಹಾಂಗ್‌ಕಾಂಗ್ ಡಾಲರಿನವರೆಗಿನ ಮನೆಗೆ ಶೇ. 90 ಸಾಲ ಸಿಗುವಂತೆ ಮಿತಿ ಸಡಿಲಿಸಿದ್ದರು. ಮೊದಲ ಮನೆ ಕೊಳ್ಳುವವರಿಗೆ ನೆರವಾಗಲೆಂದು ಮಾಡಿದ್ದು, ಅವರಲ್ಲೇ ಅನೇಕರನ್ನು ಸಿಕ್ಕಿಸಿತು. ದುಬಾರಿ ಕಾಲದಲ್ಲಿ ಮುಂಗಡ ಕಡಿಮೆ ಮಾಡಿ ನೆರವಾಗುತ್ತೇವೆ ಎನ್ನುವ ಯಾವ ಯೋಜನೆಯನ್ನೂ ಈ ಕಾರಣಕ್ಕೆ ಬಹಳ ಅನುಮಾನದಿಂದ ನೋಡಬೇಕು.

ಸರ್ಕಾರದ ಬೊಕ್ಕಸವೂ ಚಕ್ರದ ಭಾಗ. 2017–18ರಲ್ಲಿ ಜಮೀನಿನಿಂದ 16,000 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚು ಬಂದಿತ್ತು, 2023–24ರಲ್ಲಿ ಬಂದದ್ದು 2,000 ಕೋಟಿಯ ಆಸುಪಾಸು. ಆ ವರ್ಷ ಹಲವು ಟೆಂಡರುಗಳು ಕನಿಷ್ಠ ಬೆಲೆ ಮುಟ್ಟದೆ ರದ್ದಾದವು. ಕಟ್ಟಲು ಹಿಡಿಯುವ ಕಾಲವನ್ನು ಕೂಡಿಸಿದರೆ ಆ ಖಾಲಿ ಜಾಗಗಳ ಪರಿಣಾಮ ಕಾಣುವುದು 2029ರ ಸುಮಾರಿಗೆ.

ಬೇರೆ ಊರಿಗೆ ಇದೇ ಲೆಕ್ಕ ಹಾಕುವುದು ಹೇಗೆ

ಮೊದಲು ಕನಿಷ್ಠ ಇಪ್ಪತ್ತು ವರ್ಷದ ಬೆಲೆ ಸರಣಿ ಬೇಕು. ಐದು ವರ್ಷದ ಅಂಕಿಯಲ್ಲಿ ಚಕ್ರದ ಒಂದು ತುಂಡಷ್ಟೇ ಸಿಗುತ್ತದೆ, ಅದು ಏರುವ ತುಂಡಾಗಿದ್ದರೆ ಬೆಲೆ ಸದಾ ಏರುತ್ತದೆ ಅನಿಸುತ್ತದೆ. ಅಧಿಕೃತ ಸೂಚ್ಯಂಕ ಇಲ್ಲದಿದ್ದರೆ ಒಂದೇ ಕಟ್ಟಡದ, ಒಂದೇ ಅಳತೆಯ ಮನೆಗಳ ಮಾರಾಟವನ್ನು ಬೇರೆ ಬೇರೆ ವರ್ಷಗಳಲ್ಲಿ ಹೋಲಿಸಿ. ಜಾಹೀರಾತಿನ ಬೆಲೆಯನ್ನು ಬಳಸಬೇಡಿ. ಇಳಿಗಾಲದಲ್ಲಿ ಕೇಳುವ ಬೆಲೆ ಹಾಗೇ ಇರುತ್ತದೆ, ನಿಜವಾದ ಬೆಲೆ ಕುಸಿದಿರುತ್ತದೆ. ಮಾರಾಟದ ಸಂಖ್ಯೆ ಬೆಲೆಗಿಂತ ಮೊದಲು ತಿರುಗುವುದೇ ಹೆಚ್ಚು.

ಬೆಲೆಯನ್ನು ಹಣದುಬ್ಬರದಿಂದ ಸರಿಪಡಿಸಿ, ಪಕ್ಕದಲ್ಲಿ ಬಾಡಿಗೆಯ ಸರಣಿ ಇಡಿ. ಸಾಲದ ಬಡ್ಡಿಯಿಂದ ಹಣದುಬ್ಬರ ಕಳೆದು ನೈಜ ಬಡ್ಡಿ ಬರೆಯಿರಿ. ನಂತರ ಪ್ರತಿ ವರ್ಷ ಪೂರ್ಣಗೊಂಡ ಮನೆಗಳ ಸಂಖ್ಯೆ, ಅದರ ಮೇಲೆ ಅವುಗಳ ಜಮೀನು ಅಥವಾ ಪರವಾನಗಿ ಹೊರಟ ವರ್ಷ. ಈ ಎರಡರ ಅಂತರವೇ ಆ ಊರಿನ ವಿಳಂಬ. ಹಾಂಗ್‌ಕಾಂಗ್‌ನಲ್ಲಿ ಐದು ವರ್ಷ ಎಂದರೆ ನಿಮ್ಮಲ್ಲೂ ಐದು ಎಂದಲ್ಲ; ಹೊರವಲಯದಲ್ಲಿ ಖಾಲಿ ನೆಲವಿರುವ ಊರುಗಳಲ್ಲಿ ಎರಡೇ ವರ್ಷವಿರಬಹುದು, ಅಲ್ಲಿ ಚಕ್ರವೂ ಗಿಡ್ಡವಾಗುತ್ತದೆ. ಸ್ವಂತ ಸಾಲದ ಲೆಕ್ಕದಲ್ಲಿ ಈಗಿನ ಬಡ್ಡಿಗೆ ಮೂರು ಅಂಶ ಸೇರಿಸಿ ಕಂತು ಕಟ್ಟಿ ನೋಡಿ, ಬೆಲೆ ಶೇ. 30 ಇಳಿದರೂ ಏಳು ವರ್ಷ ಮಾರದೆ ಇರಬಹುದೇ ಎಂದು ಕೇಳಿಕೊಳ್ಳಿ.

ಕರೆನ್ಸಿಗೆ ಹೊರಗಿನ ಗಂಟಿಲ್ಲದ ದೇಶದಲ್ಲಿ ಬಡ್ಡಿಯ ಏಟು ಇಷ್ಟು ತೀವ್ರವಿರುವುದಿಲ್ಲ, ಕೇಂದ್ರ ಬ್ಯಾಂಕ್ ಸ್ಥಳೀಯ ಹಣದುಬ್ಬರ ನೋಡಿ ದರ ಬದಲಿಸುತ್ತದೆ. ಜಮೀನು ಸಾವಿರಾರು ಖಾಸಗಿ ಕೈಗಳಲ್ಲಿದ್ದರೆ ಪೂರೈಕೆಯನ್ನು ಒಂದೇ ಆದೇಶದಿಂದ ನಿಲ್ಲಿಸಲಾಗದು, ಆದರೆ ಅಂಕಿ ಸಂಗ್ರಹಿಸುವುದು ಕಷ್ಟ. ಅಂಥ ಊರುಗಳಲ್ಲಿ ಪರವಾನಗಿ ಪಡೆದು ಕಟ್ಟದೆ ಬಿಟ್ಟ ಯೋಜನೆಗಳು, ಅರ್ಧಕ್ಕೆ ನಿಂತ ಕಟ್ಟಡಗಳು, ಕೊಂಡು ಬೀಗ ಹಾಕಿಟ್ಟ ಮನೆಗಳು ಎಲ್ಲವೂ ಲೆಕ್ಕ ಕೆಡಿಸುತ್ತವೆ. ಪರವಾನಗಿಗಳ ಎಣಿಕೆಯೊಂದನ್ನೇ ನಂಬದೆ ವಾಸಯೋಗ್ಯ ಪ್ರಮಾಣಪತ್ರಗಳು ಮತ್ತು ಹೊಸ ವಿದ್ಯುತ್ ಸಂಪರ್ಕಗಳ ಸಂಖ್ಯೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.